ದುರ್ಗದ ಬಂಡೆ, ದುರ್ಗದ ನೀರು

ಚಿತ್ರದುರ್ಗದ ಕೋಟೆ ಹತ್ತುವ ಬಹುಪಾಲು ಮಂದಿ ಮೊದಲು ಕೇಳುವುದು ಓಬವ್ವನ ಕಿಂಡಿ ಎಲ್ಲಿದೆ ಎಂದು. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆಗೆ ಬಂದಮೇಲಂತೂ ಆ ಕಿಂಡಿ ಕಾಣದೆ ಇಳಿದರೆ ದುರ್ಗ ನೋಡಿದ ಹಾಗೇ ಅಲ್ಲ. ಮೈ ಬಗ್ಗಿಸಿದರೆ ಒಬ್ಬಾಳು ತೂರಬಹುದಾದ ಆ ಸಂದಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರು ಸನಿಹದ ತಣ್ಣೀರು ದೋಣಿಯ ಕಡೆ ಕಣ್ಣು ಹಾಯಿಸುವುದು ಕಡಿಮೆ. ಕಥೆ ಶುರುವಾಗುವುದೇ ಅಲ್ಲಿ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ, ಕುಡಿಯುವ ನೀರಿಗೆಂದು ಓಬವ್ವ ಹೊರಟಿದ್ದಾಳೆ, ಬಂಡೆಯ ಆಚೆಯಿಂದ ಪಿಸುಮಾತು ಕೇಳಿಸುತ್ತದೆ. ಕಿಂಡಿಯಲ್ಲಿ ನುಸುಳಿದ ಶತ್ರುಗಳನ್ನು ಬಡಿದ ಒನಕೆ ಆಮೇಲಿನದು, ಮೊದಲು ಕೈಯಲ್ಲಿದ್ದದ್ದು ಕೊಡ.

ಅದು ಹೈದರಾಲಿಯ ಕಾಲದ ಮಾತು. ಬೆಟ್ಟದ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು.

ಈ ಬಂಡೆಗಳ ಬುಡದಲ್ಲಿ ಜನ ನೆಲೆನಿಂತು ಎರಡು ಸಾವಿರ ವರ್ಷಕ್ಕೂ ಮಿಕ್ಕಿದೆ. ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡಗಳ ನಡುವಿನ ತಗ್ಗಿನಲ್ಲಿ ಚಂದ್ರವಳ್ಳಿ ಇದೆ. 1909ರಲ್ಲಿ ಆರ್. ನರಸಿಂಹಾಚಾರ್, 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ನೆಲ ಅಗೆಸಿದರು. ತಳದ ಪದರದಲ್ಲಿ ಕಬ್ಬಿಣ ಬಲ್ಲವರ, ದೊಡ್ಡ ಕಲ್ಲುಗಳ ಗೋರಿ ಕಟ್ಟುತ್ತಿದ್ದವರ ಕಾಲದ ಮಡಕೆಚೂರು. ಅದರ ಮೇಲೆ ಶಾತವಾಹನರ ಕಾಲದ ಸೀಸದ ನಾಣ್ಯ. ಜೊತೆಗೆ ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ತಿಬೇರಿಯಸರ ಬೆಳ್ಳಿ ನಾಣ್ಯ. ಕಡಲಿನಿಂದ ಇಷ್ಟು ದೂರದ ಬಯಲುಸೀಮೆಗೆ ಆ ಬೆಳ್ಳಿ ಎಷ್ಟು ಕೈ ದಾಟಿ ಬಂದಿತ್ತೋ! ವೀಲರ್‌ಗೆ ಬೇಕಾಗಿದ್ದುದು ಬೆಳ್ಳಿಯಲ್ಲ, ಕಾಲದ ಗುರುತು. ಮಡಕೆಚೂರಿನ ಮೇಲೆ ಇಸವಿ ಬರೆದಿರುವುದಿಲ್ಲ, ಚಕ್ರವರ್ತಿಯ ನಾಣ್ಯ ಮಾತ್ರ ತನ್ನ ಕಾಲವನ್ನು ತಾನೇ ಹೇಳುತ್ತದೆ. ಅಶೋಕನ ಶಾಸನವಿರುವ ಇದೇ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಅವರು ಅದೇ ವರ್ಷ ಅಗೆಸಿದರು. ಅಲ್ಲಿ ಕಬ್ಬಿಣದವರಿಗಿಂತ ಕೆಳಗೆ, ನಯಗೊಳಿಸಿದ ಕಲ್ಲುಕೊಡಲಿಯವರ ಪದರವೂ ಸಿಕ್ಕಿತು.

ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಬಳಿ ಬಂಡೆಯೊಂದರ ಮೇಲೆ ಪ್ರಾಕೃತದ ಮೂರೇ ಸಾಲಿನ ಶಾಸನವಿದೆ. ಬರೆಸಿದವನು ಕದಂಬರ ಮಯೂರಶರ್ಮ. ವೇದ ಕಲಿಯಲೆಂದು ಕಂಚಿಗೆ ಹೋಗಿ, ಪಲ್ಲವರೊಂದಿಗೆ ಜಗಳವಾಡಿ, ಕತ್ತಿ ಹಿಡಿದು ರಾಜ್ಯ ಕಟ್ಟಿದವನು. ಅವನು ಗೆದ್ದವರ ಪಟ್ಟಿಯೂ ಆ ಸಾಲುಗಳಲ್ಲಿದೆ ಎಂದು ಕೃಷ್ಣ ಓದಿದರು. ಆ ಹೆಸರುಗಳ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ತಕರಾರಿಲ್ಲದ ಸಂಗತಿ ಒಂದೇ: ನಾಲ್ಕನೆಯ ಶತಮಾನದ ಆ ದೊರೆ ಇಲ್ಲಿ ಕೆರೆ ಮಾಡಿಸಿದ. ಮಳೆ ಕಡಿಮೆಯ ಸೀಮೆಯಲ್ಲಿ ಬಂಡೆಯ ಮೇಲೆ ಕೆತ್ತಿಸಲು ಅದಕ್ಕಿಂತ ದೊಡ್ಡ ಸುದ್ದಿ ಇನ್ನೇನಿದ್ದೀತು?

ಮುಂದೆ ಬೆಟ್ಟದ ಮೇಲೆ ಗುಡಿಗಳೆದ್ದವು. ಹಿಡಿಂಬೇಶ್ವರನ ಗುಡಿಯಲ್ಲಿ ರಾಕ್ಷಸನ ಹಲ್ಲೆಂದು ದೊಡ್ಡದೊಂದು ಮೂಳೆಯನ್ನು ತೋರಿಸುವುದುಂಟು; ಭೀಮ ಹಿಡಿಂಬನನ್ನು ಕೊಂದದ್ದು ಇಲ್ಲೇ ಎಂದು ಊರವರ ನಂಬಿಕೆ. ಹೊಯ್ಸಳರ ಕಾಲದ ಶಾಸನಗಳು ಈ ಊರನ್ನು ಬೆಮ್ಮತ್ತನಕಲ್ಲು ಎನ್ನುತ್ತವೆ. ಹೆಸರಿನಲ್ಲೇ ಕಲ್ಲಿದೆ. ವಿಜಯನಗರದವರು ಬಂದರು, ಅವರ ಕೈಕೆಳಗೆ ತಿಮ್ಮಣ್ಣನಾಯಕ ಬಂದ. 1565ರಲ್ಲಿ ಹಂಪೆ ಹಾಳಾದ ಮೇಲೆ ನಾಯಕರು ತಮ್ಮಷ್ಟಕ್ಕೆ ತಾವೇ ದೊರೆಗಳಾದರು.

ಈಗ ಕಾಣುವ ಏಳುಸುತ್ತಿನ ಕೋಟೆಯಲ್ಲಿ ನಾಯಕರ ಕೈಯೇ ಹೆಚ್ಚು. ಕೆಳಗೆ ಮೂರು ಸುತ್ತು, ಮೇಲೆ ನಾಲ್ಕು. ಹತ್ತೊಂಬತ್ತು ಹೆಬ್ಬಾಗಿಲು, ಮೂವತ್ತೆಂಟು ದಿಡ್ಡಿ ಬಾಗಿಲು ಎಂದು ಹಳಬರ ಲೆಕ್ಕ. ಯಾವ ಬಾಗಿಲೂ ನೇರ ದಾರಿಗೆ ತೆರೆಯುವುದಿಲ್ಲ. ಓಡಿಬಂದ ಆನೆ ತಿರುವಿನಲ್ಲಿ ವೇಗ ಕಳೆದುಕೊಳ್ಳಬೇಕು, ಅಷ್ಟರಲ್ಲಿ ಗೋಡೆಯ ಮೇಲಿನವರಿಗೆ ಸಿಕ್ಕಿಬೀಳಬೇಕು. ಕೋಟೆಕಲ್ಲಿನ ಅಂಚನ್ನು ಬೆರಳಿನಿಂದ ಸವರಿದರೆ, ಬಂಡೆ ಸೀಳಲು ಉಳಿಯಿಂದ ಕೊರೆದ ಗುಳಿಗಳ ಸಾಲು ಇಂದಿಗೂ ಹಲ್ಲಿನ ಗುರುತಿನ ಹಾಗೆ ಸಿಗುತ್ತದೆ.

ಆದರೆ ಮುತ್ತಿಗೆ ಹಾಕಿದ ಶತ್ರು ಬಾಗಿಲನ್ನೇ ಒಡೆಯಬೇಕೆಂದಿಲ್ಲ. ತಿಂಗಳುಗಟ್ಟಲೆ ಕೆಳಗೆ ಬಿಡಾರ ಹೂಡಿದರೂ ಸಾಕು, ಬಾಯಾರಿಕೆ ಅವನ ಕೆಲಸ ಮಾಡುತ್ತದೆ. ದುರ್ಗದವರು ಇದನ್ನು ಚೆನ್ನಾಗಿ ಬಲ್ಲವರು. ಬೋಳು ಬಂಡೆಯ ಮೇಲೆ ಬಿದ್ದ ಮಳೆ ನೆಲಕ್ಕೆ ಇಂಗದೆ ಜಾರುತ್ತದೆ. ಅದನ್ನು ಗೋಪಾಲಸ್ವಾಮಿ ಹೊಂಡದಲ್ಲಿ ಹಿಡಿದರು. ಅದು ತುಂಬಿ ಕೋಡಿ ಬಿದ್ದರೆ ಅಕ್ಕ–ತಂಗಿ ಹೊಂಡ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆಹೊಂಡ. ದೊರೆಯ ಹೊಂಡ ತುಂಬಿದ ಮೇಲಷ್ಟೇ ಸಂತೆಯವರಿಗೆ ನೀರು ಎಂದು ಯಾರಾದರೂ ಗೊಣಗಿದ್ದರೆ ತಪ್ಪೇನಿಲ್ಲ. ಇಳಿಜಾರಿನ ನ್ಯಾಯವೇ ಅಂಥದು.

1779ರಲ್ಲಿ ಮದಕರಿನಾಯಕ ಸೋತು ಕೋಟೆ ಹೈದರನ ಕೈಸೇರಿತು. ಮೇಲುದುರ್ಗದ ಅರಮನೆಯಲ್ಲಿ ಉಳಿದದ್ದು ಮಳೆಗೆ ಕರಗಿ ಮೊಂಡಾದ ಮಣ್ಣುಗೋಡೆಗಳು. ಅದೇ ಮಳೆ ಬಂಡೆಗಳ ಮೇಲಿಂದ ಜಾರಿ, ಇವತ್ತಿಗೂ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ.