ಬೆರಳು ಕಾಯುವ ಬಳೆ

ಫ್ರಾನ್ಸಿನ ಸವೋಯ್ ಪ್ರಾಂತ್ಯದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ರೂಪಿಸಿದ, ಮರದ ಹಿಡಿಯ ಮಡಚುವ ಚಾಕು ಇಂದಿಗೂ ರೈತರ, ಚಾರಣಿಗರ ಜೇಬಿನ ಸಂಗಾತಿ. ಕೆಲಸದ ನಡುವೆ ಅಲಗು ಮಡಚಿಕೊಂಡು ಬೆರಳು ಕೊಯ್ಯದಿರಲೆಂದು 1955ರಲ್ಲಿ ಅದಕ್ಕೆ ತಿರುಗುವ ಉಕ್ಕಿನ ಬಳೆ ಸೇರಿತು.

ಇಂಗ್ಲೆಂಡಿನಲ್ಲಿ ಈ ಬಳೆಯೇ ತೊಡಕು. ಅಲ್ಲಿನ 1988ರ ಕಾಯ್ದೆಯಂತೆ, ಸಕಾರಣ ತೋರದೆ ಸಾರ್ವಜನಿಕವಾಗಿ ಒಯ್ಯಬಹುದಾದುದು 3 ಇಂಚು ಮೀರದ ಅಲಗಿನ ಮಡಚುವ ಚಾಕು ಮಾತ್ರ. ಅಲಗು ಬಿಗಿಗೊಳ್ಳುವ ಚಾಕು ನ್ಯಾಯಾಲಯಗಳ ದೃಷ್ಟಿಯಲ್ಲಿ ‘ಮಡಚುವ’ ಚಾಕುವೇ ಅಲ್ಲ. ನಮ್ಮ 2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚು ಉದ್ದ ಅಥವಾ 2 ಇಂಚು ಅಗಲ ಮೀರಿದ ಅಲಗುಗಳನ್ನು ಆಯುಧವೆಂದು ಪರಿಗಣಿಸಿದರೂ, ಗೃಹಬಳಕೆ, ಕೃಷಿಗಾಗಿ ರೂಪಿಸಿದವನ್ನು ಹೊರಗಿಟ್ಟಿವೆ. ಇದು ವಿವೇಕದ ಮಾರ್ಗ. ಸುರಕ್ಷತೆಯ ಸಾಧನವನ್ನೇ ಸಂಶಯಿಸುವ ಕಾನೂನು ಪಾತಕಿಗಿಂತ ಮೊದಲು ದುಡಿಯುವ ಕೈಯನ್ನು ಕಟ್ಟಿಹಾಕುತ್ತದೆ.