ಪರೀಕ್ಷೆಯಲ್ಲಿ ಏನೂ ಇಲ್ಲ, ಮಗುವಿಗೆ ಮಾತ್ರ ಉರಿ

ಮಗು ಗಳಿಗೆಗೊಮ್ಮೆ ಒಂದಕ್ಕೆ ಓಡುತ್ತದೆ. ಉರಿ ಎನ್ನುತ್ತದೆ. ಹಗಲಲ್ಲೇ ಚಡ್ಡಿ ಒದ್ದೆಯಾಗುತ್ತದೆ. ನಾವು ಹಿರೇಹಳ್ಳಿಯಿಂದ ತುಮಕೂರಿಗೆ ಬಸ್ಸು ಹತ್ತುತ್ತೇವೆ. ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡುತ್ತಾರೆ. ಕೀವು ಇಲ್ಲ, ಸಕ್ಕರೆ ಇಲ್ಲ, ಸೋಂಕು ಇಲ್ಲ ಎಂದು ಚೀಟಿ ಬರುತ್ತದೆ. ಮನೆಗೆ ಬಂದರೆ ಮತ್ತೆ ಅದೇ ಗೋಳು.

ಆಗ ಮನೆಯಲ್ಲಿ ಏನು ಹೇಳುತ್ತಾರೆ? "ಸ್ಕೂಲು ತಪ್ಪಿಸೋಕೆ ನಾಟಕ ಆಡ್ತಾಳೆ" ಅಂತಾರೆ. "ಉಷ್ಣ ಆಗಿದೆ ಬಿಡು" ಅಂತಾರೆ. ಕೆಲವರು ಹೊಡೆಯುವುದೂ ಉಂಟು. ಇದು ಸರಿಯೇ, ಅಕ್ಕಂದಿರೇ? ಆ ದಿನ ಕೊಟ್ಟ ಮೂತ್ರದಲ್ಲಿ ಸೋಂಕು ಕಾಣಲಿಲ್ಲ ಎಂದಷ್ಟೇ ಚೀಟಿ ಹೇಳುತ್ತದೆ. ಮಗು ಸುಳ್ಳು ಹೇಳುತ್ತಿದೆ ಎಂದು ಹೇಳುವುದಿಲ್ಲ.

ಹಾಗಾದರೆ ತೊಂದರೆ ಎಲ್ಲಿಂದ ಬಂತು?

ಮೊದಲು ಹೊಟ್ಟೆ ನೋಡಿ. ಮೂತ್ರದ ಚೀಲದ ಹಿಂದೆಯೇ ಮಲ ತುಂಬುವ ಕರುಳಿದೆ. ಬೆಳಿಗ್ಗೆ ನಮಗೆ ಫ್ಯಾಕ್ಟರಿಗೋ ತೋಟಕ್ಕೋ ಹೊರಡುವ ಅವಸರ. ಮಗು ಎರಡಕ್ಕೆ ಹೋಗದೆ ಶಾಲೆಗೆ ಓಡುತ್ತದೆ. ಮಲ ಒಳಗೇ ಕಟ್ಟಿ ಗಟ್ಟಿಯಾಗುತ್ತದೆ. ತುಂಬಿದ ಬಸ್ಸಿನಲ್ಲಿ ಪಕ್ಕದವರು ಒತ್ತಿದ ಹಾಗೆ, ಅದು ಮೂತ್ರದ ಚೀಲವನ್ನು ಒತ್ತುತ್ತದೆ. ಆಗ ಪದೇಪದೇ ಒಂದಕ್ಕೆ ಬಂದಂತಾಗುತ್ತದೆ. ಹೋದರೂ ಪೂರ್ತಿ ಖಾಲಿಯಾಗುವುದಿಲ್ಲ.

ಎರಡನೆಯದು, ತಡೆದುಕೊಳ್ಳುವುದು. ಶೌಚಾಲಯ ಗಲೀಜಾಗಿದ್ದರೆ, ಬಾಗಿಲಿಗೆ ಚಿಲಕ ಇಲ್ಲದಿದ್ದರೆ ಹೆಣ್ಣುಮಕ್ಕಳು ಸಂಜೆತನಕ ಬಿಗಿಹಿಡಿಯುತ್ತಾರೆ. ಒಂದಕ್ಕೆ ಬಂದೀತೆಂದು ನೀರನ್ನೇ ಕುಡಿಯುವುದಿಲ್ಲ. ನೀರು ಕಡಿಮೆಯಾದರೆ ಮೂತ್ರ ಗಾಢ ಹಳದಿಯಾಗುತ್ತದೆ, ಉರಿಯಬಹುದು.

ಬೇರೆ ಕಾರಣಗಳೂ ಇವೆ. ಸೋಪಿನಿಂದ ಆ ಜಾಗ ಉರಿಯಬಹುದು. ರಾತ್ರಿ ಹಿಂದುಗಡೆ ತುರಿಕೆಯಿದ್ದರೆ ಹುಳು ಇರಬಹುದು. ಮನೆಯ ಜಗಳ, ಪರೀಕ್ಷೆಯ ಭಯವೂ ಕಾರಣವಾಗಬಹುದು. ಯಾರಾದರೂ ಮೈ ಮುಟ್ಟಿ ಹೆದರಿಸಿದ್ದಾರೆಯೇ? ಮಡಿಲಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿ. ಹೌದು ಎಂದರೆ ಮಗುವನ್ನು ನಂಬಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಏನು ಮಾಡಬೇಕು?

ದಿನಾ ತಿಂಡಿಯಾದ ಮೇಲೆ 5–10 ನಿಮಿಷ ಎರಡಕ್ಕೆ ಕೂರಿಸಿ. ಮುದ್ದೆಯ ಜೊತೆ ಸೊಪ್ಪಿನ ಸಾರು, ಕಾಳು ಕೊಡಿ. ಸೀಬೆ, ಪರಂಗಿ ಹಣ್ಣು ಕೊಡಿ. ನೀರನ್ನು ಒಂದೇ ಸಲ ಅಲ್ಲ, ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಸಿ. ಎರಡು ಮೂರು ಗಂಟೆಗೊಮ್ಮೆ ಒಂದಕ್ಕೆ ಹೋಗಲಿ. ಅವಸರ ಮಾಡದೆ ಪೂರ್ತಿ ಮಾಡಲಿ. ಆ ಜಾಗಕ್ಕೆ ಸೋಪು ಬೇಡ, ಬರೀ ನೀರು ಸಾಕು. ಚಡ್ಡಿ ಒದ್ದೆಯಾದರೆ ಬೈಯಬೇಡಿ. ಗುಣವಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮಲ ಗಟ್ಟಿಯಾಗಿದ್ದರೆ ಡಾಕ್ಟರನ್ನು ಕೇಳಿಯೇ ಔಷಧಿ ಕೊಡಿ.

ಆದರೆ ಇವು ಕಂಡರೆ ಕಾಯಬೇಡಿ, ಆ ದಿನವೇ ಆಸ್ಪತ್ರೆಗೆ ಹೋಗಿ: ಜ್ವರ, ವಾಂತಿ, ಸೊಂಟದ ಮೇಲೆ ಬೆನ್ನು ನೋವು, ಮೂತ್ರದಲ್ಲಿ ರಕ್ತ, ಮುಖ ಊದುವುದು, ವಿಪರೀತ ಬಾಯಾರಿಕೆಯ ಜೊತೆ ಮಗು ಸೊರಗುವುದು, ಮೂತ್ರ ಕಟ್ಟುವುದು, ಕಾಲಿನಲ್ಲಿ ಶಕ್ತಿ ಕುಂದುವುದು. ಒಂದಕ್ಕೆ ಧಾರೆಯಾಗಿ ಬಾರದೆ ಸದಾ ತೊಟ್ಟಿಕ್ಕುತ್ತಿದ್ದರೂ ಡಾಕ್ಟರಿಗೆ ತೋರಿಸಲೇಬೇಕು.

ಈಗ ನಮ್ಮ ಅಕ್ಷರ ಕೆಲಸಕ್ಕೆ ಬರುತ್ತದೆ. ಮೂರು ದಿನ ಒಂದು ಹಾಳೆಯಲ್ಲಿ ಹೀಗೆ ಬರೆಯಿರಿ:

ಬೆಳಿಗ್ಗೆ 7 – ಒಂದಕ್ಕೆ.
ಬೆಳಿಗ್ಗೆ 8 – ನೀರು, ಒಂದು ಲೋಟ.
ಸಂಜೆ 4 – ಒಂದಕ್ಕೆ, ಉರಿ. ಚಡ್ಡಿ ಒದ್ದೆ.
ಎರಡಕ್ಕೆ – ಇಲ್ಲ.

ಶಾಲೆಯ ಹೊತ್ತಿನದು ಮಗುವನ್ನೇ ಕೇಳಿ ಬರೆಯಿರಿ. ಮಕ್ಕಳು ಸಾಮಾನ್ಯವಾಗಿ ದಿನಕ್ಕೆ 4ರಿಂದ 7 ಸಲ ಒಂದಕ್ಕೆ ಹೋಗುತ್ತಾರೆ. ಮೂರೇ ಸಲವಾದರೆ ಮಗು ತಡೆದುಕೊಳ್ಳುತ್ತಿರಬಹುದು. ಈ ಹಾಳೆಯನ್ನು ಡಾಕ್ಟರಿಗೆ ಕೊಡಿ. ಪರೀಕ್ಷೆಯಲ್ಲಿ ಕಾಣದ್ದು ಇದರಲ್ಲಿ ಕಾಣುತ್ತದೆ.

ಇನ್ನೊಂದು ಮಾತು. ಶಾಲೆಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆಬೇರೆ ಶೌಚಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸತೊಡಗಿದರು. ಎಸ್‌ಡಿಎಂಸಿ ಸಭೆಗೆ ನಾವೂ ಹೋಗೋಣ. ನೀರು, ಚಿಲಕ, ಒಂದಕ್ಕೆ ಬಿಡುವು, ಈ ಮೂರನ್ನೂ ಕೇಳೋಣ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಅರ್ಜಿ ಬರೆದು, ಸಹಿ ಹಾಕಿಯೇ ಕೊಡೋಣ.