ಶಾಲಾ ಸಲಹೆಗಾರರ ಪತ್ರ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರೌಢಶಾಲೆಯ ವ್ಯಾಸಂಗ ಸಾಮಾನ್ಯವಾಗಿ ನಾಲ್ಕು ವರ್ಷಗಳದು. ನೀವು ಈಗ ಓದುತ್ತಿರುವ ಒಂಬತ್ತನೆಯ ತರಗತಿಯಿಂದ ಹಿಡಿದು ಹನ್ನೆರಡನೆಯ ತರಗತಿಯವರೆಗೆ ವಿದ್ಯಾರ್ಥಿ ಗಳಿಸಿದ ಶ್ರೇಣಿಗಳೆಲ್ಲವೂ ಅಲ್ಲಿ ಒಂದು ಪಟ್ಟಿಯಲ್ಲಿ ದಾಖಲಾಗುತ್ತವೆ. ಕಾಲೇಜನ್ನು ಸೇರಬಯಸುವವನು ಆ ಪಟ್ಟಿಯೊಡನೆ ತಾನೇ ಬರೆದ ಪ್ರಬಂಧವನ್ನೂ ಅಧ್ಯಾಪಕರ ಶಿಫಾರಸುಗಳನ್ನೂ ಒದಗಿಸಬೇಕಾಗುತ್ತದೆ. ಇವುಗಳ ಜೊತೆಗೆ, ಸಾಮಾನ್ಯವಾಗಿ ಅವನ ಕಣ್ಣಿಗೆ ಬೀಳದ ಇನ್ನೊಂದು ಬರಹವೂ ಕಾಲೇಜನ್ನು ತಲುಪುವುದುಂಟು. ಅದೇ ಶಾಲಾ ಸಲಹೆಗಾರರ ಪತ್ರ. 2024ರಲ್ಲಿ ಹಾರ್ವರ್ಡ್ ಕಾಲೇಜಿಗೆ ಬಂದ ಅರ್ಜಿಗಳು ಸುಮಾರು 54,000. ಪ್ರವೇಶ ದೊರೆತುದು ಎರಡು ಸಾವಿರಕ್ಕಿಂತ ಕಡಮೆ ಮಂದಿಗೆ. ಶ್ರೇಣಿಗಳಲ್ಲಿ ಹೆಚ್ಚುಕಡಮೆ ಸರಿಸಮಾನರಾದ ಸಾವಿರಾರು ಮಂದಿಯ ನಡುವೆ ಆಯ್ಕೆ ನಡೆಯುವಾಗ ಈ ಪತ್ರಕ್ಕೂ ತೂಕ ಬರುತ್ತದೆ.

ಸಲಹೆಗಾರರು ಪಾಠ ಹೇಳುವವರಲ್ಲ. ಯಾವ ವಿಷಯಗಳನ್ನು ಆರಿಸಿಕೊಳ್ಳಬೇಕು, ಮುಂದೆ ಏನು ಓದಬಹುದು ಎಂದು ತಿಳಿಸುವುದು, ಮಕ್ಕಳ ಕಷ್ಟಸುಖಗಳನ್ನು ವಿಚಾರಿಸುವುದು ಅವರ ಕೆಲಸ. ಈ ವೃತ್ತಿ ಹುಟ್ಟಿದ್ದು ಕಾಲೇಜಿನ ಸಲುವಾಗಿಯಲ್ಲ, ಕಸುಬಿನ ಸಲುವಾಗಿ. 1908ರಲ್ಲಿ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬವರು ತರುಣರಿಗೆ ತಕ್ಕ ಉದ್ಯೋಗವನ್ನು ಸೂಚಿಸುವ ಕೇಂದ್ರವೊಂದನ್ನು ತೆರೆದರು. 1957ರಲ್ಲಿ ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅಮೆರಿಕ ಬೆಚ್ಚಿತು. ಪ್ರತಿಭಾವಂತ ಮಕ್ಕಳನ್ನು ಗುರುತಿಸಿ ಉನ್ನತ ವ್ಯಾಸಂಗಕ್ಕೆ ಕಳುಹಿಸಬೇಕೆಂಬ ಆತುರ ಹುಟ್ಟಿ, 1958ರ ಶಾಸನವೊಂದು ಸಲಹೆಗಾರರ ತರಬೇತಿಗೆ ಹಣವನ್ನು ಒದಗಿಸಿತು. ಕಸುಬಿನ ದಾರಿ ತೋರಿಸುತ್ತಿದ್ದವರು ಹೀಗೆ ಕಾಲೇಜಿನ ದಾರಿಯನ್ನೂ ತೋರಿಸತೊಡಗಿದರು.

1975ರಲ್ಲಿ 15 ಕಾಲೇಜುಗಳು ಸೇರಿ ತಮಗೆಲ್ಲ ಒಂದೇ ಅರ್ಜಿ ಸಾಕೆಂದು ನಿಶ್ಚಯಿಸಿದುವು. ‘ಕಾಮನ್ ಅಪ್ಲಿಕೇಶನ್’ ಎಂಬ ಆ ಅರ್ಜಿಯನ್ನು ಇಂದು ಸಾವಿರಕ್ಕೂ ಹೆಚ್ಚು ಕಾಲೇಜುಗಳು ಅಂಗೀಕರಿಸುತ್ತವೆ. ಇದರಲ್ಲಿ ಸಲಹೆಗಾರರು ತುಂಬಬೇಕಾದ ಭಾಗವೇ ಬೇರೆ. ಶಾಲೆಯಲ್ಲಿ ಎಷ್ಟು ಮಂದಿ ಓದುತ್ತಾರೆ, ಯಾವ ಯಾವ ವಿಷಯಗಳನ್ನು ಕಲಿಸುತ್ತಾರೆ, ಶ್ರೇಣಿ ನೀಡುವ ಕ್ರಮವೇನು ಎಂಬ ಶಾಲಾ ಪರಿಚಯವನ್ನು ಅವರು ಜೊತೆಗಿಡುತ್ತಾರೆ. ಶಾಲೆಯಲ್ಲಿ ದೊರೆಯುತ್ತಿದ್ದ ಪಾಠಗಳ ಪೈಕಿ ಈ ವಿದ್ಯಾರ್ಥಿ ಆರಿಸಿಕೊಂಡವು ಎಷ್ಟು ಕಠಿನವಾದವು ಎಂಬುದನ್ನೂ ತಿಳಿಸುತ್ತಾರೆ.

ನನ್ನ ಎಣಿಕೆಯಲ್ಲಿ ಪತ್ರದ ಸಾರವಿರುವುದು ಈ ಕೊನೆಯ ಮಾತಿನಲ್ಲಿ, ಹೊಗಳಿಕೆಯಲ್ಲಿ ಅಲ್ಲ. ಒಬ್ಬ ವಿದ್ಯಾರ್ಥಿನಿ ಕಾಲೇಜುಮಟ್ಟದ ಪಾಠಗಳನ್ನು ಮೂರೇ ಮೂರು ಓದಿದ್ದಾಳೆನ್ನೋಣ. ಅಂತಹ ಇಪ್ಪತ್ತು ಪಾಠಗಳಿರುವ ಶ್ರೀಮಂತ ಶಾಲೆಯಲ್ಲಿ ಮೂರನ್ನು ಓದಿದವಳು ಸುಲಭದ ದಾರಿ ಹಿಡಿದಳೆಂದು ತೋರಬಹುದು. ಹಳ್ಳಿಯ ಸಣ್ಣ ಶಾಲೆಯಲ್ಲಿ ಇರುವುದೇ ಮೂರಾದರೆ, ಅವಳು ತನಗೆ ದೊರೆತುದನ್ನೆಲ್ಲ ಓದಿದ್ದಾಳೆ. ಅಂಕಪಟ್ಟಿ ಎರಡು ಕಡೆಯೂ ಒಂದೇ. ಅದರ ಅರ್ಥ ಬೇರೆ. ಹತ್ತನೆಯ ತರಗತಿಯಲ್ಲಿ ಒಬ್ಬನ ಶ್ರೇಣಿ ಏಕೆ ಕುಸಿಯಿತು? ತಾಯಿಯ ಕಾಯಿಲೆಯಿಂದ ತಮ್ಮಂದಿರ ಆರೈಕೆ ಅವನ ಮೇಲೆ ಬಿದ್ದಿತ್ತೆ? ಸಂಜೆ ಅಂಗಡಿಯಲ್ಲಿ ದುಡಿಯುತ್ತಿದ್ದನೆ? ಅವನೇ ಹೇಳಿಕೊಳ್ಳಲು ಸಂಕೋಚಪಡುವ ಇಂತಹ ಸಂಗತಿಗಳನ್ನು ಅವನ ಒಪ್ಪಿಗೆ ಪಡೆದು ಸಲಹೆಗಾರರು ನಾಲ್ಕು ಸಾಲಿನಲ್ಲಿ ತಿಳಿಸಬಲ್ಲರು.

ಆದರೆ ತಿಳಿಸುವುದಕ್ಕೆ ಮೊದಲು ತಿಳಿದಿರಬೇಕಷ್ಟೆ. ಒಬ್ಬ ಸಲಹೆಗಾರರಿಗೆ 250 ವಿದ್ಯಾರ್ಥಿಗಳಿಗಿಂತ ಹೆಚ್ಚಿರಕೂಡದೆಂದು ಅಮೆರಿಕದ ಶಾಲಾ ಸಲಹೆಗಾರರ ಸಂಘ ಹೇಳುತ್ತದೆ. 2022-23ರಲ್ಲಿ ದೇಶದ ಸರಾಸರಿ 385 ಇದ್ದಿತು. ಹೆಚ್ಚು ಶುಲ್ಕ ಪಡೆಯುವ ಖಾಸಗಿ ಶಾಲೆಗಳಲ್ಲಿಯಾದರೋ ಕಾಲೇಜು ಪ್ರವೇಶಕ್ಕೆಂದೇ ನಿಯುಕ್ತರಾದವರು ಕೆಲವೇ ಹತ್ತು ಮಕ್ಕಳನ್ನು ನೋಡಿಕೊಳ್ಳುವುದುಂಟು. ಮಗುವಿನ ಮುಖಪರಿಚಯವೂ ಸರಿಯಾಗಿಲ್ಲದವರು ‘ಶ್ರಮಶೀಲ, ವಿನಯವಂತ’ ಎಂದಲ್ಲದೆ ಇನ್ನೇನು ಬರೆದಾರು? ಈ ಕೊರತೆಯನ್ನು ತುಂಬಿಕೊಳ್ಳಲು ಅನೇಕ ಶಾಲೆಗಳು ವಿದ್ಯಾರ್ಥಿಯಿಂದಲೂ ಪೋಷಕರಿಂದಲೂ ಮೊದಲೇ ಪ್ರಶ್ನಾವಳಿಯೊಂದನ್ನು ತುಂಬಿಸಿಕೊಳ್ಳುತ್ತವೆ. ಅದನ್ನು ವಿವರವಾಗಿ ಬರೆದುಕೊಡಬಲ್ಲ ಮನೆಗಳೂ ಓದುಬರಹ ಬಲ್ಲ ಮನೆಗಳೇ ಆಗಿರುತ್ತವೆಂಬುದು ಬೇರೆ ಮಾತು.

ಪತ್ರವನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಇಲ್ಲವೆ? 1974ರ ಶಾಸನವೊಂದರ ಪ್ರಕಾರ ಶಾಲೆಯಲ್ಲಿರುವ ತನ್ನ ದಾಖಲೆಗಳನ್ನು ನೋಡುವ ಹಕ್ಕು ಉಂಟು. ಆದರೆ ಶಿಫಾರಸು ಪತ್ರಗಳ ಮಟ್ಟಿಗೆ ಆ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಡಬಹುದು. ಗುಟ್ಟಾಗಿ ಬರೆದ ಪತ್ರವನ್ನೇ ಓದುವವರು ಹೆಚ್ಚು ನಂಬುತ್ತಾರೆಂಬ ಭಾವನೆಯಿಂದ ಬಹುಮಂದಿ ಹಾಗೆಯೇ ಮಾಡುತ್ತಾರೆ.

ಗುಣಶೀಲಗಳನ್ನು ಅಳೆಯುವ ಈ ಪದ್ಧತಿಗೆ ಕಹಿಯಾದ ಇತಿಹಾಸವೂ ಇದೆ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಹಾರ್ವರ್ಡ್ ಮುಖ್ಯವಾಗಿ ಪರೀಕ್ಷೆಯ ಫಲಿತಾಂಶವನ್ನೇ ನೋಡುತ್ತಿತ್ತು. ಯೆಹೂದಿ ವಿದ್ಯಾರ್ಥಿಗಳ ಸಂಖ್ಯೆ ಐದರಲ್ಲೊಂದು ಭಾಗವನ್ನು ಮೀರಿದಾಗ, ಅಧ್ಯಕ್ಷರಾಗಿದ್ದ ಲಾರೆನ್ಸ್ ಲೋವೆಲ್ 1922ರಲ್ಲಿ ಅವರಿಗೆ ಮಿತಿ ಹಾಕಬಯಸಿದರು. ಬಹಿರಂಗವಾದ ಮಿತಿಗೆ ವಿರೋಧ ಬಂದಿತು. 1926ರಲ್ಲಿ ಶೀಲ, ವ್ಯಕ್ತಿತ್ವಗಳಿಗೆ ಹೆಚ್ಚು ಬೆಲೆ ಕೊಡುವ ಕ್ರಮ ನೆಲೆಗೊಂಡಿತು. ಯೆಹೂದಿಗಳ ಸಂಖ್ಯೆ ಇಳಿಯಿತು. ಯಾರನ್ನೂ ಹೆಸರಿಸದೆ ಹೊರಗಿಡುವುದು ಸಾಧ್ಯವಾಯಿತು.

ಈ ಪ್ರಶ್ನೆ ಬೇರೊಂದು ರೂಪದಲ್ಲಿ ಮರಳಿ ಬಂದಿತು. 2014ರಲ್ಲಿ ಹಾರ್ವರ್ಡ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ, ಏಷ್ಯಾ ಮೂಲದವರಿಗೆ ವ್ಯಕ್ತಿತ್ವದ ಅಂಕಗಳು ಬಿಳಿಯರಿಗಿಂತ ಸರಾಸರಿಯಲ್ಲಿ ಕಡಮೆ ಬೀಳುತ್ತವೆಂಬುದು ಚರ್ಚೆಯ ವಿಷಯವಾಯಿತು. ಭಾರತೀಯ ಮೂಲದ ಮಕ್ಕಳೂ ಈ ಗುಂಪಿಗೆ ಸೇರಿದವರೇ. ಅಧ್ಯಾಪಕರ ಮತ್ತು ಸಲಹೆಗಾರರ ಪತ್ರಗಳಲ್ಲಿರುವ ವ್ಯತ್ಯಾಸವೂ ಇದಕ್ಕೆ ಒಂದು ಕಾರಣವಿರಬಹುದೆಂದು 2019ರಲ್ಲಿ ಜಿಲ್ಲಾ ನ್ಯಾಯಾಲಯ ಹೇಳಿ, ಹಾರ್ವರ್ಡ್ ಪರವಾಗಿ ತೀರ್ಪಿತ್ತಿತು. 2023ರ ಜೂನ್ 29ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿ, ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುತ್ತಿದ್ದ ಕ್ರಮ ಸಂವಿಧಾನಕ್ಕೂ ಶಾಸನಕ್ಕೂ ವಿರುದ್ಧವೆಂದಿತು. ಪತ್ರಗಳ ಪದ್ಧತಿ ಮಾತ್ರ ಉಳಿದುಕೊಂಡಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವಂತೂ ತನ್ನ ಸಾಮಾನ್ಯ ಅರ್ಜಿಯೊಡನೆ ಶಿಫಾರಸು ಪತ್ರಗಳನ್ನು ಕೇಳುವುದೇ ಇಲ್ಲ.

ನಮ್ಮ ನಾಡಿನಿಂದ ಅಲ್ಲಿಯ ಕಾಲೇಜುಗಳಿಗೆ ಅರ್ಜಿ ಹಾಕುವವರೂ ಈ ಭಾಗವನ್ನು ತುಂಬಿಸಬೇಕಾಗುತ್ತದೆ. ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಸಲಹೆಗಾರರಿದ್ದಾರೆ. ಇಲ್ಲದ ಕಡೆ ಪ್ರಾಂಶುಪಾಲರೋ ಮುಖ್ಯೋಪಾಧ್ಯಾಯರೋ ಬರೆಯಬಹುದು. ನಮ್ಮ ವರ್ಗಾವಣೆ ಪತ್ರದಲ್ಲಿ ‘ನಡತೆ’ ಎಂಬ ಕಡೆ ‘ಉತ್ತಮ’ ಎಂಬ ಒಂದು ಪದದಿಂದ ಕೆಲಸ ಮುಗಿಯುತ್ತದೆ. ಅಲ್ಲಿಯ ಓದುಗರಿಗೆ ಅಷ್ಟು ಸಾಲದು. ಪಿ.ಯು.ಸಿ. ಪರೀಕ್ಷೆ ಎಂದರೇನು, ಅದನ್ನು ನಡೆಸುವವರು ಯಾರು, ಆ ಕಾಲೇಜಿನಲ್ಲಿ ಶೇಕಡಾ 90ನ್ನು ದಾಟುವವರು ಎಷ್ಟು ಮಂದಿ, ಪಾಠಗಳು ಕನ್ನಡದಲ್ಲಿ ನಡೆಯುತ್ತವೆಯೋ ಇಂಗ್ಲಿಷಿನಲ್ಲಿಯೋ ಎಂಬುದನ್ನೆಲ್ಲ ಬರೆಯುವವರು ಮೊದಲಿನಿಂದ ವಿವರಿಸಬೇಕು. ವಿದ್ಯಾರ್ಥಿಯ ಹೆಸರು ಬರುವುದು ಅದರ ಅನಂತರ.